ಮುಲಾಮು ಹಚ್ಚಿದ ಕೈ

ಮೊದಲು ಕಂಡದ್ದು ತುರಿಕೆ. ಸರೋಜಳ ಬಲ ಪಾದದ ಗಂಟಿನ ಬಳಿ.

ಅದಕ್ಕೆ ಹತ್ತು ದಿನ ಹಿಂದೆ ಇಲ್ಲೇ ಚೆನ್ನೈನ ತಾಂಬರಂನಲ್ಲಿ ಎಲೆಕ್ಟ್ರಿಕ್ ಟ್ರೈನ್ ಇಳಿಯುವಾಗ ನನ್ನ ಹೆಂಡತಿಗೆ ಅಲ್ಲಿ ತರಚಿತ್ತು. ಸಣ್ಣ ಗಾಯ. ಮಂಡಿ ನೋವಿನಿಂದ ಅವಳಿಗೆ ಬಗ್ಗಲಾಗುವುದಿಲ್ಲ. ದಿನಕ್ಕೆ ಮೂರು ಸಲ ನಾನೇ ತೊಳೆದು ಆ್ಯಂಟಿಬಯಾಟಿಕ್ ಮುಲಾಮು ಹಚ್ಚುತ್ತಿದ್ದೆ. ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ಫಾಲ್ಟ್ ಹುಡುಕಿ ರಿಟೈರ್ ಆದವನು ನಾನು. ಕೈಗೊಂದು ಕೆಲಸ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ.

ತುರಿಸಿದ ಜಾಗ ಕೆಂಪಾಯಿತು. ನೀರು ಒಸರತೊಡಗಿತು. ಇನ್ಫೆಕ್ಷನ್ ಎಂದುಕೊಂಡು ಮುಲಾಮನ್ನು ಇನ್ನೂ ದಪ್ಪಗೆ ಬಳಿದೆ. ಬೀದಿ ಕೊನೆಯ ಡಾಕ್ಟರ್ ಮಾತ್ರೆ ಕೊಟ್ಟರು. ಇಳಿಯಲಿಲ್ಲ.

"ರೀ, ನಮ್ಮಮ್ಮನ ಥರ ನಂಗೂ ಕಾಲು ತೆಗೆದುಬಿಡ್ತಾರಾ?"

ಅವಳ ಅಮ್ಮನಿಗೆ ಶುಗರ್ ಇತ್ತು. ಇಂಥದ್ದೇ ಒಂದು ಗಾಯ ಮಾಯದೆ ಕಾಲು ಹೋಗಿತ್ತು. ಸರೋಜಳಿಗೆ ಶುಗರ್ ಇಲ್ಲ. "ಸುಮ್ನಿರೇ, ಏನೇನೋ ಮಾತಾಡ್ಬೇಡ" ಎಂದು ಗದರಿಸಿದೆ. ರಾತ್ರಿ ಅವಳು ಮಲಗಿದ ಮೇಲೆ ಟಾರ್ಚ್ ಹಾಕಿ ಕಾಲು ನೋಡಿದೆ.

ನನಗೆ ಹೊಳೆದ ಕಾರಣ ಬದನೆಕಾಯಿ. ಗಾಯಕ್ಕೆ ನಂಜು ಅಲ್ಲವೇ! ಅದನ್ನು ನಿಲ್ಲಿಸಿ, ನಾಲ್ಕು ದಿನ ಮಂಡ್ಯದ ಅಕ್ಕನ ಮನೆಗೆ ಹೋಗಿಬಂದೆ. ಬರುವಷ್ಟರಲ್ಲಿ ಕಾಲು ಒಣಗುತ್ತಿತ್ತು. ಫಾಲ್ಟ್ ಸಿಕ್ಕಿತು ಎಂದು ಬೀಗಿದೆ. ನಾನಿಲ್ಲದಾಗ ಮುಲಾಮು ಹಚ್ಚಿಕೊಂಡಿರಲಿಲ್ಲ ಎಂದಳು. ಅದಕ್ಕೆ ಬೈದು, ಆ ಸೋಮವಾರ ಎರಡರಷ್ಟು ಹಚ್ಚಿದೆ. ಬುಧವಾರ ಗುಳ್ಳೆಗಳೆದ್ದವು. ಅಂದೇ ಅಡುಗೆಮನೆಯಲ್ಲಿ ಪಕ್ಕದ ಮನೆಯವರು ಕೊಟ್ಟ ಬದನೆಕಾಯಿ ಕೊಳಂಬು, ತಮಿಳರ ಹುಳಿ, ಕಣ್ಣಿಗೆ ಬಿತ್ತು.

"ನಾಲಿಗೆ ಚಪಲಕ್ಕೆ ಕಾಲು ಕಳ್ಕೋತೀಯಾ?" ಎಂದುಬಿಟ್ಟೆ.

ಅವಳು ಅತ್ತಳು. ನಾನು ಮತ್ತೆ ಮುಲಾಮು ಹಚ್ಚಿದೆ.

ಕೊನೆಗೆ ಮಗಳು ಕವಿತಾ ತಮಿಳಿನಲ್ಲೇ ನನ್ನ ಮೇಲೆ ರೇಗಿ, ಅಮ್ಮನನ್ನು ಸ್ಕಿನ್ ಡಾಕ್ಟರ್ ಬಳಿ ಕರೆದೊಯ್ದಳು. ಡಾಕ್ಟರಮ್ಮ ಎಲ್ಲವನ್ನೂ ನಿಲ್ಲಿಸಿ ಬರೀ ಸಲೈನ್ ಪಟ್ಟಿ ಹಾಕಿಸಿದರು. ಕೆಂಪು ಇಳಿದ ಮೇಲೆ ಪ್ಯಾಚ್ ಟೆಸ್ಟ್. ಒಂದೊಂದು ಔಷಧಿ ಸವರಿದ ಪುಟ್ಟ ಚೌಕಗಳನ್ನು ಬೆನ್ನಿಗೆ ಅಂಟಿಸಿದರು. ನಲವತ್ತೆಂಟು ಗಂಟೆ ಬೆನ್ನಿಗೆ ನೀರು ತಾಕುವಂತಿಲ್ಲ. ಈ ಚೆನ್ನೈ ಬೆವರಿನಲ್ಲಿ! "ಹತ್ರ ಬರ್ಬೇಡಿ, ನಾರ್ತಿದೀನಿ" ಎಂದು ಸರೋಜ ನನ್ನನ್ನು ದೂರವಿಟ್ಟಳು.

ಬಿಚ್ಚಿದಾಗ ಒಂದೇ ಚೌಕ ಕೆಂಪಾಗಿ ಉಬ್ಬಿತ್ತು.

ನನ್ನ ಮುಲಾಮು.

ಅದರೊಳಗಿನ ನಿಯೋಮೈಸಿನ್ ಎಂಬ ಔಷಧಿ ಇವಳಿಗೆ ಆಗುವುದಿಲ್ಲವಂತೆ. ಇದು ಡಿಲೇಡ್ ಅಲರ್ಜಿ, ಅಂದರೆ ತಡವಾಗಿ ಏಳುವಂಥದ್ದು, ರಕ್ತದಲ್ಲಿ ಕಾವಲಿರುವ ಟಿ ಸೆಲ್‌ಗಳ ಕೆಲಸ ಎಂದರು ಡಾಕ್ಟರಮ್ಮ. ಒಮ್ಮೆ ಗುರುತು ಹಿಡಿದರೆ ಅವು ಮರೆಯುವುದಿಲ್ಲ. ಆದರೆ ಮುಂದಿನ ಸಲ ಆ ಜಾಗಕ್ಕೆ ಬಂದು ಸೇರಲು ಒಂದೆರಡು ದಿನ ಬೇಕು. ಸೋಮವಾರದ ತಪ್ಪನ್ನು ನಾನು ಬುಧವಾರದ ಕೊಳಂಬಿನಲ್ಲಿ ಹುಡುಕಿದ್ದೆ. ಎಷ್ಟು ಪ್ರೀತಿಯಿಂದ ಹಚ್ಚಿದ್ದೆನೋ ಅಷ್ಟೂ ಅವಳನ್ನು ಸುಟ್ಟಿತ್ತು. ಆ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮನೆಗೆ ಬಂದ ಮೇಲೆ ಪಟ್ಟಿ ಕಟ್ಟಲು ನನಗೆ ಕೈಯೇ ಬರಲಿಲ್ಲ.

"ನರ್ಸ್ ಯಾರನ್ನಾದ್ರೂ ಕರೆಸೋಣ ಕಣೇ. ನನ್ನ ಕೈಯಿಂದ್ಲೇ ಅಲ್ವಾ ಇಷ್ಟೆಲ್ಲ ಆಗಿದ್ದು."

ಸರೋಜ ಕಾಲನ್ನು ನನ್ನ ತೊಡೆಯ ಮೇಲಿಟ್ಟಳು.

"ಮುಲಾಮಿಗೆ ನಂಗೇನೂ ಕೋಪ ಇಲ್ಲ. ಅವತ್ತು ನಾಲಿಗೆ ಚಪಲ ಅಂದ್ರಲ್ಲ, ಅದು ಇನ್ನೂ ಮಾಯ್ದಿಲ್ಲ. ಕಟ್ಟಿ ಈಗ."

ಕಟ್ಟಿದೆ. ಕಣ್ಣು ಮಂಜಾಗಿ ಗಂಟು ಓರೆಯಾಯಿತು.

ಈಗ ಗಾಯ ಮಾಯ್ದಿದೆ, ಕಪ್ಪು ಕಲೆ ಉಳಿದಿದೆ. ಆ ಔಷಧಿಯ ಹೆಸರು ಬರೆದ ಚೀಟಿ ಅವಳ ಪರ್ಸಿನಲ್ಲೂ ಇದೆ, ನನ್ನ ಜೇಬಿನಲ್ಲೂ ಇದೆ. ಹೋದ ಭಾನುವಾರ ನಾನೇ ಮಾರ್ಕೆಟ್ಟಿಗೆ ಹೋಗಿ ಎಳೆ ಬದನೆಕಾಯಿ ಆರಿಸಿ ತಂದೆ. ಸರೋಜ ಚೀಲದೊಳಗೆ ನೋಡಿದಳು, ನನ್ನ ಮುಖ ನೋಡಿದಳು, ಕೊಳಂಬು ಮಾಡಿದಳು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು. ಮಂಗಳವಾರದವರೆಗೂ ನಾನು ಕದ್ದು ಕದ್ದು ಅವಳ ಕಾಲು ನೋಡುತ್ತಲೇ ಇದ್ದೆ.