ಕೋಡಿಗೆ ಅಡ್ಡಬಿದ್ದ ಆಲ, ನಾಲ್ಕು ಸಾವಿರ ಸುತ್ತು

1948ರಲ್ಲಿ ನಾನು ಬೆಂಗಳೂರಿನ ಒಂದು ಯಂತ್ರ ದುರಸ್ತಿ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಯುದ್ಧ ಮುಗಿದು, ಸೈನ್ಯಕ್ಕೆ ಬೇಡವಾದ ಯಂತ್ರಗಳೆಲ್ಲ ಹರಾಜಿಗೆ ಬಂದಿದ್ದ ಕಾಲ. ಲಾರಿ, ಪಂಪು, ಜನರೇಟರ್ ಎಂದು ಆಸೆಪಟ್ಟು ಕೊಂಡವರಿಗೆ ಮನೆಗೆ ತಂದಮೇಲೆ ತಲೆನೋವು ಶುರುವಾಗುತ್ತಿತ್ತು. ಆ ತಲೆನೋವೇ ನಮ್ಮ ಅನ್ನ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಕಡೆ ಮರದ ವ್ಯಾಪಾರಿಯೊಬ್ಬರು ಹಾಗೆ ಕೊಂಡದ್ದು ಪೆಟ್ರೋಲಿನ ಚೈನ್ ಸಾ, ಅಂದರೆ ಸರಪಳಿ ಗರಗಸ. ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಹಿಡಿ, ನಡುವೆ ಆಳುದ್ದದ ಪಟ್ಟಿಯ ಸುತ್ತ ಓಡುವ ಹಲ್ಲಿನ ಸರಪಳಿ. ಇಬ್ಬರು ಹಿಡಿಯದೆ ಅದು ಏಳುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದವರು ಮರ ಕೊಯ್ಯುವ ಮೇಸ್ತ್ರಿ ಚನ್ನಪ್ಪನವರು. ಮರದ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಎಂಜಿನ್ನಿನ ವಿಷಯದಲ್ಲಿ ಅವರದು ಒಂದೇ ನಂಬಿಕೆ: ಕಿರುಚಿದಷ್ಟೂ ಚೆನ್ನಾಗಿ ಕೊಯ್ಯುತ್ತದೆ. ಹಾಗೆ ಕಿರುಚಿಸಿ ಒಂದು ಪಿಸ್ಟನ್ ಸುಟ್ಟಿದ್ದರು. ಈಗ ಒಳಗಿದ್ದದ್ದೇ ಕೊನೆಯದು. ಅದನ್ನು ಉಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಚೀಲದಲ್ಲಿ ಒಂದು ಟ್ಯಾಕೋಮೀಟರ್ ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಗಡಿಯಾರದಂಥದ್ದು. ಅದರ ರಬ್ಬರ್ ಮೂತಿಯನ್ನು ತಿರುಗುವ ಶಾಫ್ಟಿನ ನಡುವಿಗೆ ಒತ್ತಿ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಮುಳ್ಳು ತೋರಿಸುತ್ತದೆ. ಈ ಬಗೆಯ ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಕಾರ್ಬ್ಯುರೇಟರಿನ ತಿರುಪನ್ನು ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಹಗುರಾಗಿ, ಜೋರಾಗಿ ಓಡುತ್ತದೆ. ಕೇಳುವವರಿಗೆ ಖುಷಿ. ಆದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿರುತ್ತದೆ. ಒಣಗಿದ ಪಿಸ್ಟನ್ ಕಾದು ಉಬ್ಬಿ, ಸಿಲಿಂಡರನ್ನು ಕಚ್ಚಿಕೊಂಡು ನಿಂತುಬಿಡುತ್ತದೆ.

ನಾನು ಹೋದ ದಿನ ಆಯುಧಪೂಜೆ. ಹೊರಗೆ ಹಿಂಗಾರು ಮಳೆ ಬಿಡದೆ ಹೊಯ್ಯುತ್ತಿತ್ತು. ವ್ಯಾಪಾರಿಯ ಮರದ ಡಿಪೋದಲ್ಲಿ ಕೊಡಲಿ, ಗರಗಸ, ಹಾರೆಗಳ ನಡುವೆ ನಮ್ಮ ಯಂತ್ರ ಮದುವಣಗಿತ್ತಿಯಂತೆ ಕೂತಿತ್ತು. ಮೈತುಂಬ ವಿಭೂತಿ ಪಟ್ಟೆ, ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ.

“ಇವತ್ತು ಮುಟ್ಟೋ ಹಂಗಿಲ್ಲ ಸ್ವಾಮಿ. ನಾಳೆ ದಶಮಿ ಪೂಜೆ ಆದ್ಮೇಲೆ ನೀವೇ ಬಿಚ್ಚಿ ನೋಡಿ. ಈಗ ಪಾಯಸ ತಿನ್ನಿ” ಎಂದರು ಚನ್ನಪ್ಪ.

ಪಾಯಸ ಬಾಯಿಗಿಡುವಷ್ಟರಲ್ಲಿ ನೀರುಗಂಟಿ ಮುನಿಯಪ್ಪ ಓಡಿಬಂದ. ಕೆರೆಯ ತೂಬು, ಕೋಡಿ ನೋಡಿಕೊಳ್ಳುವುದು ಅವನ ಮನೆತನದ ಕೆಲಸ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಗೆ ಹಳೆಯ ಆಲದಮರವೊಂದು ಬುಡಸಮೇತ ಅಡ್ಡಬಿದ್ದಿತ್ತು. ಕೊಂಬೆಗಳಿಗೆ ಸೊಪ್ಪು, ಜೊಂಡು ಸಿಕ್ಕಿಕೊಂಡು ನೀರಿನ ದಾರಿಯೇ ಮುಚ್ಚಿಹೋಗಿತ್ತು. ತೂಬು ತೆಗೆದಿದ್ದರೂ ಸಾಲುತ್ತಿರಲಿಲ್ಲ.

“ಏರಿ ಮೇಲೆ ನೀರು ಹತ್ತೋಕೆ ಮೊಳ ಉಳಿದೈತೆ ಮೇಸ್ತ್ರಿ. ಜನಾನೆಲ್ಲ ದಿಣ್ಣೆಗೆ ಹತ್ತಿಸಿವ್ನಿ. ನನ್ ಮಗಳು ಹಸಿ ಬಾಣಂತಿ, ಮೈಯೆಲ್ಲ ಜ್ವರ. ಈ ಮಳೇಲಿ ಅವಳನ್ನ ಎಲ್ಲಿಗೆ ಎತ್ಕೊಂಡೋಗ್ಲಿ? ಮನೆ ಏರಿ ಕೆಳಗೇ ಐತೆ.”

ಚನ್ನಪ್ಪ ಪೂಜೆಗಿಟ್ಟ ಆಯುಧಗಳನ್ನು ನೋಡಿದರು. ಆ ದಿನ ಅವನ್ನು ಎತ್ತಿದವರಿಗೆ ವರ್ಷವಿಡೀ ರಕ್ತ ಕಾಣುತ್ತದೆ ಎಂಬ ಭಯ ಅಲ್ಲಿದ್ದ ಪ್ರತಿಯೊಬ್ಬನಿಗೂ ಇತ್ತು. ಆಮೇಲೆ ಮೇಸ್ತ್ರಿ ಕರ್ಪೂರ ಹಚ್ಚಿ, ಗಲ್ಲಗಲ್ಲ ಬಡಿದುಕೊಂಡು, “ತಪ್ಪಾಯ್ತು ತಾಯಿ, ನೀರುಗಂಟಿ ಕೆಲಸಕ್ಕೆ ಕರೀತಾವ್ನೆ, ಹೊರಡು” ಎಂದವರೇ ಯಂತ್ರದ ಒಂದು ತುದಿ ಎತ್ತಿದರು. ಇನ್ನೊಂದು ತುದಿಗೆ ನಾನು ಕೈ ಕೊಟ್ಟೆ.

ಗಾಡಿಯಲ್ಲಿ ಕೆರೆಗೆ ಹೋದೆವು. ಅಷ್ಟು ನೀರನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಸದ್ದಿಲ್ಲದ, ಕೆಂಪಗಿನ, ಆಚೆ ದಡ ಕಾಣದ ನೀರು. ಏರಿಯ ಮೇಲೆ ನಿಂತರೆ ಪಾದದ ಅಡಿಯ ಮಣ್ಣು ನಡುಗುವುದು ತಿಳಿಯುತ್ತಿತ್ತು. ಆಲದ ಬೊಡ್ಡೆಯನ್ನು ಮೂವರು ಕೈ ಚಾಚಿದರೂ ತಬ್ಬಲಾಗುತ್ತಿರಲಿಲ್ಲ. ಕೊಡಲಿಯಿಂದ ಅದನ್ನು ತುಂಡರಿಸಲು ಮಾರನೆಯ ದಿನವಾಗುತ್ತಿತ್ತು, ಏರಿ ಅಲ್ಲಿಯವರೆಗೆ ತಾಳುವಂತಿರಲಿಲ್ಲ.

ಇಬ್ಬರು ಕಂಬಳಿ ಹಿಡಿದು ಮಳೆಗೆ ಮರೆ ಮಾಡಿದರು. ಎಂಜಿನ್ ಹತ್ತಿತು, ಕಪ್ಪು ಹೊಗೆ ಕಾರಿ ಕೆಮ್ಮಿತು. ಪೆಟ್ರೋಲ್ ಹೆಚ್ಚಾಯಿತೆಂದು ಚನ್ನಪ್ಪ ತಿರುಪು ಬಿಗಿದರು. ಸ್ವಲ್ಪ ಚೇತರಿಸಿಕೊಂಡು ಮತ್ತೆ ಕೆಮ್ಮಿತು. ಮತ್ತೆ ಬಿಗಿದರು. ಆಗ ನನ್ನ ಕಣ್ಣು ಗಾಳಿ ಎಳೆಯುವ ಜಾಲರಿಯ ಮೇಲೆ ಬಿತ್ತು. ವಿಭೂತಿ, ಅರಿಸಿನ ನೆಂದು ಅದಕ್ಕೆ ಗಾರೆ ಮೆತ್ತಿದಂತೆ ಅಂಟಿದ್ದವು. ಭಕ್ತಿಯಿಂದ ಅದರ ಮೂಗನ್ನೇ ಮುಚ್ಚಿದ್ದರು! ನಿಲ್ಲಿಸಿ, ಜಾಲರಿ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹಾಕಿದೆ.

ಈ ಸಲ ಯಂತ್ರ ಕಿರುಚಿತು. ನೆರೆದಿದ್ದವರು ಕೇಕೆ ಹಾಕಿದರು. “ನೋಡ್ರಲಾ, ಹುಲಿ ಕಣ್ರೋ!” ಎಂದರು ಚನ್ನಪ್ಪ. ಆ ಸದ್ದು ನನಗೂ ಹಿತವಾಗಿಯೇ ಕೇಳಿಸಿತು. ಟ್ಯಾಕೋಮೀಟರನ್ನು ಶಾಫ್ಟಿಗೆ ಒತ್ತಿದೆ. ಎಂಜಿನ್ನಿನ ತಗಡಿನ ಮೇಲೆ ಕೊರೆದಿದ್ದ ಮಿತಿ 4,300. ಮುಳ್ಳು ಐದು ಸಾವಿರ ದಾಟಿತ್ತು. ಗಾಳಿ ಸರಿಯಾಗಿದೆ, ಆದರೆ ತಿರುಪು ಬಿಗಿದೇ ಇದೆ. ಹುಲಿ ಅಂದದ್ದು ಬಾಯಾರಿ ಸಾಯುತ್ತಿತ್ತು.

ನಾನು ತಿರುಪು ಸಡಿಲಿಸತೊಡಗಿದೆ. ಸದ್ದು ಇಳಿಯಿತು, ಒರಟಾಯಿತು, ಗಂಟಲು ಕಟ್ಟಿದವರ ಹಾಗೆ ಗೊರಗೊರ ಎಂದಿತು.

“ಏನ್ ಸ್ವಾಮಿ, ಚೆನ್ನಾಗಿ ಓಡ್ತಿದ್ದುದನ್ನ ಕೆಡಿಸ್ಬಿಟ್ರಲ್ಲಾ!” ಎಂದು ಚನ್ನಪ್ಪ ನನ್ನ ಕೈ ಹಿಡಿದರು.

“ಮೇಸ್ತ್ರಿ, ಹಾಗೆ ಬಿಟ್ಟರೆ ಅರ್ಧ ಮರಕ್ಕೆ ಕಚ್ಚಿಕೊಳ್ಳುತ್ತೆ. ಇನ್ನೊಂದು ಪಿಸ್ಟನ್ ಎಲ್ಲಿದೆ?”

ಮುನಿಯಪ್ಪ ನಮ್ಮಿಬ್ಬರ ನಡುವೆ ಬಂದು ನಿಂತ. ನನ್ನ ಮುಖವನ್ನೇ ನೋಡುತ್ತ, “ಬುದ್ಧಿ, ಜೋರು ಕಟ್ಕೊಂಡು ನಂಗೇನಾಗ್ಬೇಕು? ಕೊನೇಗಂಟ ಓಡ್ತದಾ, ಅದ್ ಹೇಳಿ” ಎಂದ.

“ಓಡುತ್ತೆ” ಎಂದೆ. ಮುಳ್ಳು ನಾಲ್ಕು ಸಾವಿರದಲ್ಲಿ ನಿಂತಿತ್ತು. ಅಂಥ ಮಾತು ಕೊಡಲು ನನಗೆ ಧೈರ್ಯ ತುಂಬಿದ್ದು ಆ ಮುಳ್ಳು ಮಾತ್ರ. ಚನ್ನಪ್ಪ ಅದನ್ನು ಬಗ್ಗಿ ನೋಡಿ, ನನ್ನ ಕೈ ಬಿಟ್ಟರು.

ಅಲ್ಲಿಂದ ಮುಂದಿನದು ಅವರ ವಿದ್ಯೆ. ನೀರು ತಳ್ಳುತ್ತಿದ್ದ ಮರ ಗರಗಸದ ಪಟ್ಟಿಯನ್ನು ಕಚ್ಚಿಹಿಡಿಯದಂತೆ ಎಲ್ಲಿಂದ ಕೊಯ್ಯಬೇಕು, ಬೆಣೆ ಎಲ್ಲಿ ಹೊಡೆಯಬೇಕು ಎಂದು ತೊಗಟೆಯ ಮೇಲೆ ಅಂಗೈಯಿಟ್ಟೇ ಹೇಳುತ್ತಿದ್ದರು. ಮಧ್ಯಾಹ್ನವೆಲ್ಲ ಯಂತ್ರ ಗೊಣಗುತ್ತಲೇ ಓಡಿತು. ಪೆಟ್ರೋಲ್ ತುಂಬಲು ನಿಲ್ಲಿಸಿದಾಗೆಲ್ಲ ನಾನು ಸಿಲಿಂಡರಿನ ಬಳಿ ಕೈಯಿಟ್ಟು ಶಾಖ ನೋಡುತ್ತಿದ್ದೆ, ಮುನಿಯಪ್ಪ ನನ್ನನ್ನು ನೋಡುತ್ತಿದ್ದ.

ಸಂಜೆ ಬೆಳಕಿರುವಾಗಲೇ ಆಲ ಲಟಲಟ ಮುರಿಯಿತು. ಆನೆಗಾತ್ರದ ಆ ತುಂಡು ಒಂದು ಕ್ಷಣ ನಿಂತಲ್ಲೇ ತಿರುಗಿ, ಕಡ್ಡಿಯಂತೆ ತೇಲಿಹೋಯಿತು. ಹಿಂದೆಯೇ ಕೆರೆ ಬಾಯಿಬಿಟ್ಟಿತು. ಕೋಡಿ ಧುಮ್ಮಿಕ್ಕಿದ ಆ ಮೊರೆತದಲ್ಲಿ ಪಕ್ಕದವನ ಮಾತೂ ಕೇಳಿಸಲಿಲ್ಲ. ಚನ್ನಪ್ಪ ಕೈ ಮುಗಿದು ನಿಂತಿದ್ದರು. ನಾನೂ ಮುಗಿದೆ. ಅಷ್ಟು ದೊಡ್ಡದರ ಮುಂದೆ ಇನ್ನೇನು ಮಾಡಬೇಕೋ ಗೊತ್ತಾಗಲಿಲ್ಲ.

ಕೆರೆಯ ನೀರು ಇಳಿಯತೊಡಗಿದ್ದನ್ನು ಕಂಡಮೇಲೆ ಮುನಿಯಪ್ಪ ನನ್ನನ್ನು ಮನೆಗೆ ಕರೆದೊಯ್ದ. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ, ಬಾಗಿಲ ಪಕ್ಕದಲ್ಲೇ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು.

“ಬಾಣಂತಿ ಕಿವೀಗೆ ಗಾಳಿ ಬಿಡ್ತಾರೇನವ್ವಾ?” ಎಂದು ಗದರಿದ ಅಪ್ಪ.

“ನೀನೇ ಅಲ್ವಾ ಓಡಿಬಂದು ಹೇಳಿದ್ದು, ಆ ಸದ್ದು ನಿಂತೋದ್ರೆ ಮಗೂನ ಎತ್ಕೊಂಡು ದಿಣ್ಣೆಗೆ ಓಡು ಅಂತ” ಎಂದಳು ಅವಳು. “ನಿಂತಾಗೆಲ್ಲ ಹೊಸ್ತಿಲು ದಾಟ್ಬಿಡ್ತಿದ್ದೆ. ತಿರುಗಾ ಗೊರಗೊರ ಅನ್ನೋದು, ಕೂತ್ಕೋತಿದ್ದೆ. ಕೊನೇಗೆ ಕೋಡಿ ಬಿದ್ದ ಸದ್ದು ಕೇಳಿಸ್ತು, ಇಲ್ಲೇ ಉಳ್ಕೊಂಡೆ.”

ಆಮೇಲಿನ ವರ್ಷಗಳಲ್ಲಿ ನಾನು ಎಷ್ಟೋ ಎಂಜಿನ್ನುಗಳಿಗೆ ಟ್ಯಾಕೋಮೀಟರ್ ಒತ್ತಿದ್ದೇನೆ. ಇನ್ನೂ ಸ್ವಲ್ಪ ವೇಗ ಕೊಡಿ ಎಂದು ಕೇಳದ ಮಾಲೀಕರು ಕಡಿಮೆ. ಕೊಡಲಾರೆ ಎನ್ನುತ್ತಿದ್ದೆ. ಯಂತ್ರ ಎಷ್ಟು ಜೋರಾಗಿ ಕೂಗುತ್ತದೆ ಎಂದು ಕೇಳುವವರು ಅದರ ಪಕ್ಕದಲ್ಲಿರುತ್ತಾರೆ. ಅದು ನಿಲ್ಲದಿದ್ದರೆ ಸಾಕು ಎಂದು ಕಿವಿಗೊಟ್ಟವರು ಎಲ್ಲೋ ದೂರದಲ್ಲಿ, ಹೊಸ್ತಿಲ ಬಳಿ ಕೂತಿರುತ್ತಾರೆ. ಮೆಕ್ಯಾನಿಕ್ ತಿರುಪು ತಿರುಗಿಸಬೇಕಾದದ್ದು ಅವರಿಗಾಗಿ.