ಗುರುವಾರ ಒಂಬತ್ತು ಗಂಟೆಯ ಎರಡು ತರಗತಿಗಳು

ಸೇಡಿಗಾಗಿ ಪಾಠ ಆರಿಸಿಕೊಂಡವಳು, ನಾನು ಬಲ್ಲಂತೆ, ಈಕೆಯೊಬ್ಬಳೇ. ನಾನು ನಡೆಸಿಕೊಡುವ ನಮ್ಮ ಪ್ರಾರ್ಥನಾ ಸಭೆಯಲ್ಲಿ ಮೂರನೆಯ ಸಾಲು, ಕಿಟಕಿಯ ಪಕ್ಕ ಆಕೆಯ ಜಾಗ. ವಯಸ್ಸು ಮೂವತ್ತೇಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ನೀಲಿ ಅಥವಾ ಕೆಂಪು. ತಂದೆಯೊಡನೆ ಹದಿನೆಂಟು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವಳು. ಫ್ಲೆಕ್ಸ್ ಬಂದು ಆ ಕಸುಬಿನ ಹೊಟ್ಟೆಯ ಮೇಲೆ ಹೊಡೆದಾಗ, ಎಂದೋ ಸಂಜೆ ಕಾಲೇಜಿನಲ್ಲಿ ಪಡೆದಿದ್ದ ಪದವಿಯನ್ನು ಪೆಟ್ಟಿಗೆಯಿಂದ ಹೊರತೆಗೆದು, ಕಲಾ ಮತ್ತು ವಿನ್ಯಾಸ ಕಾಲೇಜಿನ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಹದಿನಾಲ್ಕು ಹದಿನೈದು ವರ್ಷ ಚಿಕ್ಕವರಾದ ಸಹಪಾಠಿಗಳು ಮೊದಲ ವಾರದಲ್ಲೇ ಆಕೆಗೆ ‘ಬೋರ್ಡಕ್ಕ’ ಎಂದು ಹೆಸರಿಟ್ಟರು. ಆ ಹೆಸರು ಆಕೆಗೆ ಒಪ್ಪಿಗೆಯಾಯಿತು.

ಆಕೆ ಬಂದದ್ದು ಒಂದೇ ವಿದ್ಯೆಗಾಗಿ. ಮಣ್ಣಿನ ಬಿಲ್ಲೆಯ ಮೇಲೆ ಅಕ್ಷರ ಬರೆದು, ಗಾಜಿನ ಲೇಪ ಕೊಟ್ಟು, ಭಟ್ಟಿಯಲ್ಲಿ ಸುಡುವುದನ್ನು ಕಲಿಯಬೇಕು. ಬಿಸಿಲಿಗೆ ಮಾಸದ, ಮಳೆಗೆ ಜಗ್ಗದ ಬೋರ್ಡು ಮಾಡಬೇಕು. ಅದನ್ನು ಕಲಿಸುವವರು ಕಾಲೇಜಿನಲ್ಲಿ ಒಬ್ಬರೇ ಇದ್ದರು, ತೋಳಿನ ತುಂಬ ಸುಟ್ಟ ಕಲೆಗಳಿದ್ದ ಒಬ್ಬ ವೃದ್ಧೆ. ಎಲ್ಲರೂ ಅವರನ್ನು ಭಟ್ಟಿ ಮೇಡಂ ಎನ್ನುತ್ತಿದ್ದರು. ಅವರ ಪಾಠ ಐಚ್ಛಿಕ ವಿಷಯ, ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥದು. ಈ ವರ್ಷ ಕೈತಪ್ಪಿದರೆ, ಮುಂದಿನ ಸರದಿಯ ಹೊತ್ತಿಗೆ ಆಕೆ ಓದು ಮುಗಿಸಿ ಹೊರಗಿರುತ್ತಾಳೆ.

ಐಚ್ಛಿಕ ವಿಷಯಗಳ ಪಟ್ಟಿಯನ್ನು ಕಚೇರಿಯ ಮುಂದಿನ ಹಲಗೆಯ ಮೇಲೆ ಅಂಟಿಸಿದ್ದರು. ಪ್ರತಿ ವಿಷಯದ ಕೆಳಗೆ ಹನ್ನೆರಡು ಗೆರೆ. ಬೇಕಾದವರು ತಮ್ಮ ಹೆಸರು ಬರೆಯಬೇಕು. ‘ಮಣ್ಣು ಮತ್ತು ಲೇಪ, ಗುರುವಾರ ಒಂಬತ್ತು ಗಂಟೆ’ ಎಂಬುದನ್ನು ಕಂಡು ಆಕೆ ಪೆನ್ನು ತೆಗೆದಳು. ಅದರ ಕೆಳಗಿನ ಸಾಲನ್ನೂ ಕಣ್ಣು ಓದಿಬಿಟ್ಟಿತು. ‘ಅಕ್ಷರ ವಿನ್ಯಾಸ, ಗುರುವಾರ ಒಂಬತ್ತು ಗಂಟೆ.’ ಪಕ್ಕದಲ್ಲಿ ಕಲಿಸುವ ಪ್ರಾಧ್ಯಾಪಕರ ಹೆಸರು. ಆಕೆಯ ಪೆನ್ನು ಗಾಳಿಯಲ್ಲೇ ನಿಂತಿತು.

ಆ ಹೆಸರನ್ನು ಆಕೆ ಎಂಟು ವರ್ಷದಿಂದ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಎಂಟು ವರ್ಷದ ಹಿಂದೆ ಈ ಪ್ರಾಧ್ಯಾಪಕರು ಒಂದು ಮಧ್ಯಾಹ್ನ ಅಪ್ಪ ಮಗಳ ಅಂಗಡಿಗೆ ಬಂದಿದ್ದರು. ತಂದೆಯ ಬೋರ್ಡುಗಳ ಮುಂದೆ ಕೈ ಕಟ್ಟಿ ನಿಂತು, ಗುರುಗಳೇ ಎಂದು ಕರೆದು, ನಲವತ್ತು ವರ್ಷದ ಅಕ್ಷರದ ಮಾದರಿಗಳಿದ್ದ ಟ್ರೇಸಿಂಗ್ ಹಾಳೆಗಳ ಸುರುಳಿಯನ್ನು ಒಂದು ವಾರಕ್ಕೆಂದು ಕೇಳಿ ತೆಗೆದುಕೊಂಡು ಹೋದರು. ತಂದೆ ಗುರುಗಳೇ ಎಂಬ ಒಂದು ಮಾತಿಗೆ ಕರಗಿ ನೀರಾಗಿದ್ದ. ವಾರ ಹೋಯಿತು, ವರ್ಷ ಹೋಯಿತು. ಆಮೇಲೆ ಅದೇ ಅಕ್ಷರಗಳು ಮುದ್ರಣಕ್ಕೆ ಬಂದವು: ಬಸ್ಸಿನ ಹಣೆಯ ಮೇಲೆ, ಆಸ್ಪತ್ರೆಯ ಬಾಗಿಲ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ. ರೂಪಿಸಿದವರು ಪ್ರಾಧ್ಯಾಪಕರು, ಇದು ಅವರ ಹತ್ತು ವರ್ಷದ ತಪಸ್ಸು ಎಂದು ಪತ್ರಿಕೆಗಳು ಬರೆದವು. ತಂದೆ ಹೋಗಿ ಕೇಳಿದಾಗ, ಯಾವ ಸುರುಳಿ ಎಂದರಂತೆ. ಅದಾದ ಮರುವರ್ಷ ತಂದೆಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ಆತ ಬೋರ್ಡು ಬರೆಯುತ್ತಿದ್ದದ್ದು ಎಡಗೈಯಿಂದಲೇ.

ಸೇಡು ತೀರಿಸುವ ಕೆಲಸವನ್ನು ದೇವರು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆಂದು ನಾವು ನಂಬುತ್ತೇವೆ. ಆದರೆ ಪ್ರಿಯರೇ, ದಿನಾ ಬಸ್ ನಿಲ್ದಾಣದಲ್ಲಿ ನಿಂತು ತನ್ನದೇ ಅಕ್ಷರ ತನ್ನನ್ನು ದಾಟಿ ಹೋಗುವುದನ್ನು ನೋಡುವ ಮುದುಕನಿಗೆ, ತಡೆದುಕೋ ಎಂದು ಹೇಳಿ ನೋಡಿ. ನಾಲಿಗೆ ಏಳುವುದಿಲ್ಲ.

ಆ ಸಂಜೆ ಆಕೆ ಮನೆಯಲ್ಲಿ ವಿಷಯ ತಿಳಿಸಿದಳು. ತಂದೆ ಗೋಡೆಗೆ ಒರಗಿ ಕುಳಿತು ಚಹಾ ಕುಡಿಯುತ್ತಿದ್ದ.

“ಅವನ ಹತ್ರ ಓದ್ತೀಯಾ?”

“ಓದೋಕಲ್ಲಪ್ಪ. ಅವನ ಮಾನ ಕಳಿಯೋಕೆ.”

ತಂದೆ ಲೋಟ ಕೆಳಗಿಟ್ಟ. “ಹಾಗಾದ್ರೆ ಹೋಗು.”

ತಾಯಿ ಒಳಗಿನಿಂದಲೇ ಕೂಗಿದಳು. “ಅಪ್ಪ ಮಗಳಿಗೆ ಇಬ್ಬರಿಗೂ ತಲೆ ಕೆಟ್ಟಿದೆ. ಮಣ್ಣಿನ ಕೆಲಸ ಕಲೀತೀನಿ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಈಗ ಆ ಕಳ್ಳನ ಮುಂದೆ ಕೂತ್ಕೋತೀಯಾ?”

“ಎರಡೂ ಮಾಡ್ತೀನಮ್ಮ.”

“ಒಂದೇ ಹೊತ್ತಿಗೆ ಎರಡು ಕಡೆ ಕೂತ್ಕೊಳ್ಳೋಕೆ ನೀನೇನು ದೇವರಾ?”

“ದೇವರಲ್ಲಮ್ಮ. ನಿನ್ನ ಮಗಳು. ಅದಕ್ಕೇ ಇಷ್ಟು ಕಿತಾಪತಿ.”

ಆಕೆ ಹೂಡಿದ ಉಪಾಯ ಇದು. ಆ ಕಾಲೇಜಿನಲ್ಲಿ ಒಂದು ವಾಡಿಕೆಯಿತ್ತು. ಐಚ್ಛಿಕ ವಿಷಯದ ಮೊದಲ ತರಗತಿಯಲ್ಲಿ ಅಧ್ಯಾಪಕರು ಭಾಷಣ ಮಾಡುವಂತಿಲ್ಲ. ತಮ್ಮ ಕೆಲಸವನ್ನು ಎಲ್ಲರ ಕಣ್ಣೆದುರು ಕೈಯಾರೆ ಮಾಡಿ ತೋರಿಸಬೇಕು. ಅದಕ್ಕೆ ‘ಗೋಡೆ ಪಾಠ’ ಎಂದು ಹೆಸರು. ಎರಡನೆಯ ಶನಿವಾರದವರೆಗೆ ವಿಷಯ ಬದಲಾಯಿಸಲು ಅವಕಾಶವಿದ್ದುದರಿಂದ, ಬೇರೆ ವಿದ್ಯಾರ್ಥಿಗಳೂ ನೋಡಲು ಬರುತ್ತಿದ್ದರು. ಆಕೆ ಅಕ್ಷರ ವಿನ್ಯಾಸಕ್ಕೆ ಹೆಸರು ಕೊಟ್ಟು, ಗೋಡೆ ಪಾಠದಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನವೇ ಬದಲಾವಣೆಯ ಅರ್ಜಿ ಹಿಡಿದು ಭಟ್ಟಿಯ ಕಡೆ ನಡೆಯುವವಳಿದ್ದಳು. ಸೇರಲಿರುವ ವಿಷಯದ ಅಧ್ಯಾಪಕರ ಸಹಿ ಇದ್ದರೆ ಸಾಕು ಎಂದು ಎಲ್ಲರೂ ಹೇಳುತ್ತಿದ್ದರು. ಆಕೆಯೂ ಹಾಗೆಯೇ ನಂಬಿದಳು.

ಭಟ್ಟಿ ಮೇಡಂಗೆ ಮೊದಲೇ ಹೇಳಿದಳು. ಅವರು ಮಣ್ಣು ಜರಡಿ ಹಿಡಿಯುತ್ತಲೇ ಕೇಳಿಸಿಕೊಂಡರು.

“ಒಂದು ಸ್ಟೂಲು ಇಟ್ಟಿರ್ತೀನಿ. ಎರಡನೇ ಶನಿವಾರ ಸಂಜೆ ತನಕ. ಆಮೇಲೆ ಬಂದ್ರೆ ನಾನೂ ಕರಗೋಲ್ಲ, ಮಣ್ಣೂ ಕರಗೋಲ್ಲ.”

ಗುರುವಾರ ಒಂಬತ್ತಕ್ಕೆ ಅಕ್ಷರ ವಿನ್ಯಾಸದ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಪ್ರಾಧ್ಯಾಪಕರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಬಿಳಿ ಗೋಡೆಯ ಮುಂದೆ ನಿಂತರು. ಆಕೆಯನ್ನು ಅವರು ಗುರುತಿಸಲಿಲ್ಲ. ಅಂಗಡಿಗೆ ಬಂದಿದ್ದಾಗ ಆಕೆ ಏಣಿಯ ಮೇಲಿದ್ದಳು, ಏಣಿಯ ಮೇಲಿರುವವರ ಮುಖವನ್ನು ಯಾರು ನೋಡುತ್ತಾರೆ? ಪ್ರತಿ ವರ್ಷದ ಹಾಗೆ ಅವರು ಪೆನ್ಸಿಲಿನಲ್ಲಿ ಅಕ್ಷರದ ಅಂಚನ್ನು ಎಳೆದರು, ಒಳಗೆ ಬಣ್ಣ ತುಂಬಲು ಸಣ್ಣ ಬ್ರಷ್ಷು ಎತ್ತಿಕೊಂಡರು. ಅಂಚು ಎಳೆದು ತುಂಬುವುದಾದರೆ ಯಾರ ಅಕ್ಷರವನ್ನು ಬೇಕಾದರೂ ಯಾರು ಬೇಕಾದರೂ ನಕಲು ಮಾಡಬಹುದು.

ಆಕೆ ಎದ್ದು ಎರಡಂಗುಲದ ಚಪ್ಪಟೆ ಬ್ರಷ್ಷನ್ನು ಎರಡೂ ಕೈಯಲ್ಲಿ, ವಿನಯದಿಂದ, ಮುಂದೆ ಹಿಡಿದಳು.

“ಸರ್, ಅಂಚು ಬೇಡ. ಈ ಬ್ರಷ್ಷಲ್ಲಿ ನೇರವಾಗಿ ಬರೆದು ತೋರಿಸ್ತೀರಾ? ಹತ್ತು ವರ್ಷ ತಪಸ್ಸು ಮಾಡಿದ ಕೈ, ನಾವು ನೋಡಬೇಕು.”

ಹಿಂದಿನಿಂದ ಯಾರೋ “ಹೌದು ಸರ್” ಎಂದರು. ಮೂವತ್ತು ಜನರೆದುರು ಆಗುವುದಿಲ್ಲ ಎನ್ನುವುದು ಹೇಗೆ? ಪ್ರಾಧ್ಯಾಪಕರು ಬ್ರಷ್ಷನ್ನು ಬಲಗೈಯಲ್ಲಿ ಹಿಡಿದು ಬರೆದರು. ಚಪ್ಪಟೆ ಬ್ರಷ್ಷು ಸುಳ್ಳು ಹೇಳದು. ಬಲಗೈಯಲ್ಲಿ ಅದು ಒಂದು ಕಡೆಗೆ ವಾಲುತ್ತದೆ, ಎಡಗೈಯಲ್ಲಿ ಇನ್ನೊಂದು ಕಡೆಗೆ. ದಪ್ಪ ಬೀಳುವ ಜಾಗವೇ ಬೇರೆಯಾಗುತ್ತದೆ. ಅವರ ಹೆಸರಿನಲ್ಲಿ ಅಚ್ಚಾಗಿದ್ದ ಅಕ್ಷರದಲ್ಲಿ ಎಲ್ಲಿ ತೆಳುವಿತ್ತೋ ಅಲ್ಲಿ ಈಗ ದಪ್ಪ ಬಿತ್ತು, ದಪ್ಪವಿದ್ದಲ್ಲಿ ತೆಳುವಾಯಿತು. ಒರೆಸಿ ಮತ್ತೆ ಬರೆದರು. ಮತ್ತೆ ಅದೇ. ಮೂರನೆಯ ಸಲ ಮಣಿಕಟ್ಟನ್ನು ತಿರುಚಿದರು. ಬಣ್ಣ ಇಳಿದು ತೋಳಿನ ಮಡಿಕೆಗೆ ಹೋಯಿತು.

“ಕೊಡಿ ಸರ್,” ಎಂದಳು ಬೋರ್ಡಕ್ಕ. ಊಟಕ್ಕೂ ಪೆನ್ನಿಗೂ ಬಲಗೈ ಬಳಸುವವಳು, ಬ್ರಷ್ಷನ್ನು ಮಾತ್ರ ತಂದೆಯ ತೊಡೆಯ ಮೇಲೆ ಕುಳಿತು ಕಲಿತದ್ದರಿಂದ, ಎಡಗೈಯಲ್ಲಿ ಹಿಡಿದಳು. ಒಂದೇ ಉಸಿರಿಗೆ ಅಕ್ಷರ ಗೋಡೆಯ ಮೇಲೆ ನಿಂತಿತು, ಬಸ್ಸಿನ ಹಣೆಯ ಮೇಲಿದ್ದ ಹಾಗೆಯೇ.

“ಇದು ಎಡಗೈಯವರ ಅಕ್ಷರ,” ಎಂದಳು ಆಕೆ, ಸಹಪಾಠಿಗಳ ಕಡೆ ತಿರುಗಿ. “ನಮ್ಮಪ್ಪಂದು. ಸರ್ ಒಂದು ವಾರಕ್ಕೆ ಅಂತ ತಗೊಂಡು ಹೋಗಿದ್ರು.”

ಪ್ರಾಧ್ಯಾಪಕರ ಕಿವಿ ಕೆಂಪಾಗಿತ್ತು. ಆ ಕ್ಷಣದ ಸಿಹಿಯನ್ನು ಆಕೆ ನನ್ನ ಬಳಿ ಮುಚ್ಚಿಡಲಿಲ್ಲ. ಎಂಟು ವರ್ಷದ ಬಾಯಾರಿಕೆಗೆ ತಣ್ಣೀರು ಸಿಕ್ಕಂತಾಯಿತು ಎಂದಳು. ಸೇಡಿಗೆ ರುಚಿಯೇ ಇಲ್ಲ ಎಂದು ಬೋಧಿಸುವವರು ಅದನ್ನು ಉಂಡವರಲ್ಲ.

ಮಧ್ಯಾಹ್ನ ಆಕೆ ಕಚೇರಿಗೆ ಹೋಗಿ ಬದಲಾವಣೆಯ ಅರ್ಜಿಯನ್ನು ಭಟ್ಟಿ ಮೇಡಂ ಸಹಿಯೊಂದಿಗೆ ಮೇಜಿನ ಮೇಲಿಟ್ಟಳು. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು.

“ಇದು ಸೇರೋ ಕಡೆಯವರ ಸಹಿ. ಬಿಡೋ ಕಡೆಯವರದ್ದೂ ಬೇಕಲ್ಲಮ್ಮ.”

“ಎಲ್ಲರೂ ಒಂದೇ ಸಾಕು ಅಂತಾರೆ?”

“ಎಲ್ಲರೂ ಹೇಳ್ತಾರೆ, ಯಾರೂ ಓದೋದಿಲ್ಲ. ಯಾಕೆ ಬಿಡ್ತಿದೀರಿ ಅಂತ ಕಾರಣದ ಕಾಲಂ ಇದೆ ನೋಡಿ, ಅದನ್ನ ಅವರೇ ತಮ್ಮ ಕೈಯಲ್ಲಿ ತುಂಬಿ ಸಹಿ ಹಾಕಬೇಕು. ಮೂರು ಪ್ರತಿ. ಒಂದು ಇಲ್ಲಿಗೆ, ಒಂದು ಹೊಸ ಮೇಡಂಗೆ, ಒಂದು ಹೊರಗಿನ ಹಲಗೆಗೆ, ಹದಿನೈದು ದಿನ.” ನಂತರ ತಗ್ಗಿದ ದನಿಯಲ್ಲಿ, “ಬೆಳಿಗ್ಗೆ ಏನೋ ಆಯ್ತಂತೆ? ಸಹಿ ಹಾಕಿಸ್ಕೊಂಡು ಆಮೇಲೆ ಬಯ್ಯಬಾರದಿತ್ತಾ?” ಎಂದರು.

ಕುಳಿತ ಕೊಂಬೆಯನ್ನೇ ಕಡಿದುಕೊಂಡಿದ್ದಳು. ತಾನು ಯಾರ ಮುಖಕ್ಕೆ ಮಸಿ ಬಳಿದಳೋ ಅವರ ಪೆನ್ನಿನ ತುದಿಯಲ್ಲೇ ಆಕೆಯ ಭಟ್ಟಿ ಸಿಕ್ಕಿಕೊಂಡಿತ್ತು.

ಮರುದಿನ ಅರ್ಜಿ ಹಿಡಿದು ಪ್ರಾಧ್ಯಾಪಕರ ಕೋಣೆಗೆ ಹೋದಳು. ಅವರು ಆಕೆಯನ್ನು ಕೂರಿಸಲಿಲ್ಲ.

“ಹಾಕ್ತೀನಿ. ನಿನ್ನೆ ಹೇಳಿದ್ದು ತಪ್ಪು ತಿಳುವಳಿಕೆ ಅಂತ ನಾಲ್ಕು ಸಾಲು ಬರೆದುಕೊಡಿ. ತರಗತಿಯಲ್ಲಿ ಓದಿ ಹೇಳ್ತೀನಿ.”

ಆಕೆ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದಳು. “ಬೇಡ ಸರ್. ನಾನು ಇಲ್ಲೇ ಓದ್ತೀನಿ. ಹದಿನಾರು ಗುರುವಾರ ಇದೆಯಲ್ಲ.”

ಧೈರ್ಯದಿಂದ ಹೇಳಿ ಬಂದವಳು ಹಿತ್ತಲಿನ ಭಟ್ಟಿಯ ಬಳಿ ನಿಂತು ಅತ್ತಳೆಂದು ಭಟ್ಟಿ ಮೇಡಂ ನನಗೆ ಹೇಳಿದರು. ಬೂದಿ ಗೋರುತ್ತಿದ್ದ ಅವರು ಸಮಾಧಾನ ಮಾಡಲಿಲ್ಲ. “ಶನಿವಾರ ಸಂಜೆ ತನಕ,” ಎಂದಷ್ಟೇ ಹೇಳಿದರು.

ಎರಡನೆಯ ಗುರುವಾರ ಆಕೆ ಮುಂದಿನ ಸ್ಟೂಲಿನಲ್ಲಿ ಕುಳಿತಳು. ಪ್ರಾಧ್ಯಾಪಕರು ಗೆರೆ ಎಳೆದಾಗಲೆಲ್ಲ ಮೆಲುದನಿಯಲ್ಲಿ, “ಸರ್, ಇದು ಯಾವ ಕೈಯಿಂದ?” ಎಂದು ಕೇಳಿದಳು. ಒಂದಲ್ಲ, ಹನ್ನೊಂದು ಸಲ. ಏಳನೆಯ ಸಲಕ್ಕೆ ಎಲ್ಲರೂ ನಗಲು ಶುರು ಮಾಡಿದ್ದರು; ಹನ್ನೊಂದನೆಯ ಸಲಕ್ಕೆ ಪ್ರಾಧ್ಯಾಪಕರು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಹೋದರು. ಮುಂದಿನ ಗುರುವಾರ ಬೇರೆ ಕಾಲೇಜುಗಳ ಅತಿಥಿಗಳು ಅದೇ ತರಗತಿಯನ್ನು ನೋಡಲು ಬರುವವರಿದ್ದರು.

ಶನಿವಾರ ಮೂರು ಗಂಟೆಗೆ ಅವರೇ ಆಕೆಯನ್ನು ಕರೆಸಿದರು.

“ಅರ್ಜಿ ಕೊಡಿ. ಏನೂ ಬರೆದುಕೊಡೋದು ಬೇಡ. ಹೋಗಿಬಿಡಿ.”

ದೇವರು ಬಾಗಿಲು ತೆರೆದಾಗ ನಾವು ಒಳಗೆ ಹೋಗಿ ಸುಮ್ಮನಾಗಬೇಕು. ಬೋರ್ಡಕ್ಕ ಸುಮ್ಮನಾಗಲಿಲ್ಲ.

“ಕಾರಣದ ಕಾಲಂ ನೀವೇ ತುಂಬಬೇಕು ಸರ್.”

“ಆಸಕ್ತಿ ಇಲ್ಲ ಅಂತ ಬರೀತೀನಿ.”

“ಆಸಕ್ತಿ ಇದೆಯಲ್ಲ. ಈ ತರಗತಿಯ ಅಕ್ಷರಗಳು ಇವರ ತಂದೆಯವು, ಇವರಿಗೆ ಇಲ್ಲಿ ಕಲಿಯೋದು ಏನೂ ಇಲ್ಲ ಅಂತ ಬರೀರಿ. ಇಲ್ಲಾಂದ್ರೆ ಗುರುವಾರ ಮುಂದಿನ ಸ್ಟೂಲು ನಂದೇ.”

ಅವರು ಪೆನ್ನಿನ ಮುಚ್ಚಳ ತೆಗೆದರು. ವರ್ಷಕ್ಕೆ ಇಂಥ ಹತ್ತು ಕಾಗದಗಳಿಗೆ ಸಹಿ ಹಾಕಿದವರು, ಆದರೆ ಅವು ಎಲ್ಲಿಗೆ ಹೋಗುತ್ತವೆಂದು ಒಮ್ಮೆಯೂ ವಿಚಾರಿಸಿದವರಲ್ಲ. ಕಡತಕ್ಕೆ ಸೇರಿ ಗೆದ್ದಲು ತಿನ್ನುವ ಕಾಗದವೆಂದೇ ತಿಳಿದಿದ್ದರು. ಆಕೆಯೂ ತಿಳಿಸಲಿಲ್ಲ. ಮೂರು ಪ್ರತಿಯಲ್ಲೂ, ದುಂಡಗಿನ ಬಲಗೈ ಬರಹದಲ್ಲಿ, ಆಕೆ ಹೇಳಿದ್ದನ್ನೇ ಬರೆದು ಸಹಿ ಹಾಕಿದರು.

ಸೋಮವಾರದಿಂದ ಮೂರನೆಯ ಪ್ರತಿ ಕಚೇರಿಯ ಮುಂದಿನ ಹಲಗೆಯಲ್ಲಿತ್ತು. ಗುರುವಾರ ಬಂದ ಅತಿಥಿಗಳು ಅದರ ಮುಂದೆ ಸಾಲಾಗಿ ನಿಂತು ಓದಿದರು. ಒಬ್ಬರು ಎರಡು ಸಲ ಓದಿದರೆಂದು ಗುಮಾಸ್ತರು ಲೆಕ್ಕ ಹಿಡಿದಿದ್ದಾರೆ. ಪ್ರಾಧ್ಯಾಪಕರು ಅಂದು ರಜೆ. ಅದೇ ಹೊತ್ತಿಗೆ ಆಕೆ ಹಿತ್ತಲಿನ ಭಟ್ಟಿಯ ಕೊಟ್ಟಿಗೆಯಲ್ಲಿ ಮೊಣಕೈವರೆಗೆ ಮಣ್ಣಾಗಿದ್ದಳು, ಮೊದಲ ಮೂರು ಬಿಲ್ಲೆಗಳು ಒಡೆದು ಭಟ್ಟಿ ಮೇಡಂ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಳು.

ಹತ್ತು ದಿನ ಕಳೆದು ಟ್ರೇಸಿಂಗ್ ಹಾಳೆಗಳ ಸುರುಳಿ ಅಂಚೆಯಲ್ಲಿ ಮನೆಗೆ ಬಂತು. ಜೊತೆಗೆ ಚೀಟಿಯಿರಲಿಲ್ಲ. ತಂದೆ ಹಾಳೆಗಳನ್ನು ನೆಲದ ಮೇಲೆ ಹರಡಿಸಿ, ಒಂದೊಂದರ ಮುಂದೆಯೂ ಕುಳಿತು, ಆಯಿತು, ಇನ್ನು ಸಾಕು ಎಂದ. ಮುಂದಿನ ಭಾನುವಾರ, ವರ್ಷಗಳ ಮೇಲೆ, ಮಗಳ ತೋಳು ಹಿಡಿದು ಸಭೆಗೆ ಬಂದ.

ನಮಗೆ ಕೇಡು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ನಾವೆಲ್ಲರೂ ಒಟ್ಟಿಗೆ ಹೇಳುವ ಮಾತೊಂದು ನಮ್ಮ ಪ್ರಾರ್ಥನೆಯಲ್ಲಿದೆ. ಮುದುಕ ಅದನ್ನು ಇಡೀ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ. ಮಗಳ ತುಟಿ ಮುಚ್ಚಿಯೇ ಇತ್ತು. ಪ್ರಾರ್ಥನೆ ಮುಗಿದ ಮೇಲೆ ನಾನು ಕೇಳಿದೆ.

“ನಿಮ್ಮ ಮುಂದೆ ಸುಳ್ಳು ಹೇಳಬಹುದು,” ಎಂದಳು ಆಕೆ, ಶಾಂತಳಾಗಿ. “ದೇವರ ಮುಂದೆ ಹೇಗೆ ಹೇಳಲಿ? ನನಗಿನ್ನೂ ಸಾಕಾಗಿಲ್ಲ.”

ಆ ಒಂದು ಮಾತನ್ನು ಬಿಟ್ಟು ಉಳಿದುದನ್ನೆಲ್ಲ ಆಕೆ ಪ್ರತಿ ವಾರ ಹೇಳುತ್ತಾಳೆ. ಅದು ಬರುವ ಜಾಗದಲ್ಲಿ, ಆಕೆಯ ದನಿಯ ಕೊರತೆ ಯಾರಿಗೂ ತಿಳಿಯದಿರಲೆಂದು, ನಾನು ನನ್ನ ದನಿಯನ್ನು ಸ್ವಲ್ಪ ಏರಿಸುತ್ತೇನೆ.