ಅಕ್ಕ ನೆಲಕ್ಕೆ ಕುಳಿತ ದಿನ

ಮೊನ್ನೆ ಬಾಜೂ ಮನೆಯಲ್ಲಿ ಎಳೆಗೂಸಿಗೆ ನೀರೆರೆದು ಲೋಬಾನ ಹಾಕಿದ್ದರು. ಹೊಗೆ ನಮ್ಮ ಪಡಸಾಲೆಗೂ ಬಂತು. ನಾನು ಉಣ್ಣುವುದನ್ನು ಬಿಟ್ಟು ಎದ್ದೆ. ಅಕ್ಕ ನೆನಪಾಗಿದ್ದಳು…

ಅಕ್ಕ ಬಹಳ ದಪ್ಪ ಇದ್ದಳು. ನೆಲಕ್ಕೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕು. ಅದಕ್ಕೇ ಕಟ್ಟೆಯ ಮೇಲೆ ಕುಳಿತೇ ಉಣ್ಣುತ್ತಿದ್ದಳು. ಲಗ್ನವೂ ಆಗಲಿಲ್ಲ. ಸಂಶಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ "ಅಕ್ಕಾರ, ಎರಡು ಟಿಕೀಟು ತಗೋರಿ" ಎಂದರೆ ಬಸ್ಸೆಲ್ಲ ನಗುತ್ತಿತ್ತು. ಡಾಕ್ಟರು ಹೆದರಿಸಿದರು, ಅವ್ವ ಅತ್ತಳು. ಅಕ್ಕ ಒಂದು ರೊಟ್ಟಿಯನ್ನೂ ಕಡಿಮೆ ಮಾಡಲಿಲ್ಲ. ಬೈದ ದಿನ ಇನ್ನೂ ಹೆಚ್ಚು ಉಣ್ಣುತ್ತಿದ್ದಳು.

ನನ್ನ ಹೆಂಡತಿ ಬಸುರಾದಾಗ ಅಕ್ಕ ಒಮ್ಮೆ ಅಂದಳು, "ತಮ್ಮಾ, ನಿನ್ನ ಕೂಸಿಗೆ ನಾನ ಎರಿತೀನಿ ನೋಡು."

ಕೂಸಿಗೆ ಎರೆಯುವವರು ನೆಲಕ್ಕೆ ಕುಳಿತು, ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ನಾನು ಚಾಷ್ಟಿ ಮಾಡಿದೆ. "ಮೊದಲ ನೆಲಕ್ಕ ಕುಂತು ಒಬ್ಬಾಕಿನ ಏಳು ಬೇ. ಆಮ್ಯಾಲೆ ನಾನ ತಂದು ನಿನ್ನ ಕಾಲಮ್ಯಾಲೆ ಹಾಕತೀನಿ."

ನಾನು ಮರೆತೆ. ಅವಳು ಮರೆಯಲಿಲ್ಲ. ಮರುದಿನದಿಂದ ನಸುಕಿನಲ್ಲೇ ಹಳ್ಳದ ತನಕ ನಡೆಯತೊಡಗಿದಳು. ಊಟ ಅರ್ಧಕ್ಕೆ ಬಂತು. ಮೊಣಕಾಲು ಬಾತರೂ ಬಿಡಲಿಲ್ಲ. ಹೆಂಡತಿ ಹೆರಿಗೆಗೆ ತವರಿಗೆ ಹೋದ ಮೇಲೆ ಒಂದು ದಿನ ಬಚ್ಚಲಲ್ಲಿ ಇಣುಕಿದೆ. ಅಕ್ಕ ಗೋಡೆ ಹಿಡಿದು ನೆಲಕ್ಕೆ ಕುಳಿತು, ಒದ್ದೆ ಧೋತರದ ಗಂಟನ್ನು ಕಾಲಮೇಲೆ ಇಟ್ಟುಕೊಂಡು, ಮೆಲ್ಲಗೆ ನೀರು ಹಾಕುತ್ತಿದ್ದಳು…

ಹೆಣ್ಣು ಕೂಸು ಹುಟ್ಟಿ ಐದನೇ ತಿಂಗಳಿಗೆ ಹೆಂಡತಿಯನ್ನೂ ಕೂಸನ್ನೂ ನನ್ನ ಅತ್ತೆ ಕರೆತಂದರು. ಮರುದಿನ ಬೆಳಿಗ್ಗೆ ನೀರು ಕಾದಿತ್ತು. ಅಕ್ಕ ಯಾರ ಕೈಯನ್ನೂ ಹಿಡಿಯದೆ ಕೆಳಗೆ ಕುಳಿತಳು. ಸೀರೆ ಮೇಲೆ ಸರಿಸಿ ಕಾಲು ಚಾಚಿದಳು. ಬೆವರಿದ್ದಳು. ನನ್ನ ಕಡೆ ನೋಡಿ, "ಕೊಡೋ ತಮ್ಮಾ" ಅಂದಳು.

ಕೂಸು ನನ್ನ ಕೈಯಲ್ಲೇ ಇತ್ತು.

"ಅಯ್ಯ, ಇವೇನು ಕೂಸು ಮಲಗಸೋ ಕಾಲೇನ್ರಿ? ಹೋರೀನ ಮಲಗಸಬೇಕು!" ಎಂದರು ಅತ್ತೆ.

ಮೊದಲು ನಕ್ಕವನು ನಾನು. ನಗುತ್ತಲೇ ಕೂಸನ್ನು ಅತ್ತೆಯ ಕೈಗೆ ಕೊಟ್ಟೆ.

ಅಕ್ಕ ಸೀರೆ ಕೆಳಗೆ ಎಳೆದುಕೊಂಡಳು. ನೆಲಕ್ಕೆ ಕೈಯೂರಿ ಒಬ್ಬಳೇ ಎದ್ದಳು. ಎಲ್ಲರೂ ಕೂಸನ್ನು ನೋಡುತ್ತಿದ್ದರು. ಎದ್ದದ್ದನ್ನು ನೋಡಿದವನು ನಾನೊಬ್ಬನೇ.

ಅಂದಿನಿಂದ ಹಳ್ಳದ ಕಡೆ ಹೋಗುವುದು ನಿಂತಿತು. ಮತ್ತೆ ಕಟ್ಟೆ ಹಿಡಿದಳು. ಕೂಸನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಮರುವರ್ಷ ಜೋಳದ ಸುಗ್ಗಿಯಲ್ಲಿ ಉಸಿರು ಸಾಲದೆ ಸತ್ತಳು. ಕುಣಿ ತೋಡುವವರು ಅಗಲದ ಬಗ್ಗೆ ಏನೋ ಅಂದುಕೊಂಡು ನಕ್ಕರು.

ಆ ಕೂಸಿಗೆ ಈಗ ಮಕ್ಕಳಿದ್ದಾರೆ. ಮೊನ್ನೆ ನಾನು ಊಟ ಬಿಟ್ಟು ಎದ್ದದ್ದನ್ನು ಕಂಡು ಏನಾಯಿತೆಂದು ಕೇಳಿದಳು. ನಿನ್ನ ಸೋದರತ್ತಿ ನೆನಪಾದಳು ಅಂದೆ.

"ಆಕಿ ಭಾಳ ದಪ್ಪ ಇದ್ಲಂತಲ್ಲ, ಹೌದೇನಪ್ಪಾ?"

ಮಗಳಿಗೆ ಅಷ್ಟೇ ಗೊತ್ತು. ಹೇಳಬೇಕೆಂದು ಬಾಯಿ ತೆರೆದೆ…

"ಹೌದವ್ವಾ, ಭಾಳ ದಪ್ಪ ಇದ್ಲು" ಅಂದೆ.